ಭೀಮವ್ವನ ಪಥ್ಯ

ಒಂದೇ ಸುಳ್ಳನ್ನು ವರ್ಷಗಟ್ಟಲೆ ಕೆಡದಂತೆ ಕಾಪಾಡಿಕೊಂಡು ಬಂದವರು ಯಾಲಾಲ ಊರಿನಲ್ಲಿ ಯಾರಾದರೂ ಇದ್ದರೆ ಅದು ಭೀಮವ್ವ. ಬೇರೆ ವಿಷಯದಲ್ಲಿ ಆಕೆ ಸುಳ್ಳಾಡುವವಳಲ್ಲ. ಗಂಡ ತೀರಿದ ಮೇಲೆ ಎರಡು ಎಮ್ಮೆ ಕಟ್ಟಿ ಮೊಸರು ಮಾರಿ ಬದುಕಿದವಳು, ಒಂದು ದಿನವೂ ಮೊಸರಿಗೆ ನೀರು ಹಾಕಿದವಳಲ್ಲ. ಆದರೆ "ರೇವಪ್ಪ ಎಲ್ಲಿ?" ಎಂದು ಯಾರಾದರೂ ಕೇಳಿದರೆ ಸಾಕು, "ಮಲಗ್ಯಾನ್ರಿ, ಜ್ವರ ಬಂದಾವ" ಎಂಬ ಮಾತು ಬಾಯಿಂದ ತಾನಾಗಿ ಉದುರುತ್ತಿತ್ತು. ಮಳೆಗಾಲಕ್ಕೂ ಜ್ವರ, ಬೇಸಿಗೆಗೂ ಜ್ವರ, ಮನೆಗೆ ಜಂಗಮರು ಬರುವ ದಿನವಂತೂ ತಪ್ಪದೆ ಜ್ವರ. ಅವೆಲ್ಲ ನಿಜವಾಗಿದ್ದರೆ ಆ ಮಗ ಎಂದೋ ಸುಟ್ಟು ಬೂದಿಯಾಗಿರಬೇಕಿತ್ತು.

ನಿಜ ಏನೆಂದು ಊರಿಗೆಲ್ಲ ಗೊತ್ತಿತ್ತು. ರೇವಪ್ಪ ತಾಂಡೂರಿನ ಕಲ್ಲಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಶಿ ಕಲ್ಲು ಕಡಿಯುವವನು. ಅವನು ಕಡಿದ ಕಲ್ಲಿನ ಅಂಚು ಹಗ್ಗ ಹಿಡಿದು ಎಳೆದ ಗೆರೆಯಂತೆ ನೇರ ಇರುತ್ತಿತ್ತು. ಸಂಜೆ ಗಂಟಲ ಧೂಳು ತೊಳೆದುಕೊಳ್ಳಲು ಗೆಳೆಯರೊಂದಿಗೆ ಕುಡಿಯುತ್ತಿದ್ದ ಸೇಂದಿ ಬರುಬರುತ್ತ ಮಧ್ಯಾಹ್ನಕ್ಕೆ ಬಂತು, ಆಮೇಲೆ ಬೆಳಗಿಗೇ ಬಂತು. ಊರಿನ ಅಂಗಡಿಯ ಸೇಂದಿಯಲ್ಲಿ ಮರದ ರಸಕ್ಕಿಂತ ಅದಕ್ಕೆ ಕಲಸಿದ ಮತ್ತಿನ ಪುಡಿಯೇ ಹೆಚ್ಚು. ಬೆಳಗ್ಗೆ ಏಳುತ್ತಲೇ ಅವನ ಕೈ ಗಡಗಡ ನಡುಗುತ್ತಿತ್ತು, ಉಳಿ ಹಿಡಿಯುವ ಮಾತು ಹಾಗಿರಲಿ, ಚಹಾದ ಬಟ್ಟಲೂ ನಿಲ್ಲುತ್ತಿರಲಿಲ್ಲ. ಆಗ ಭೀಮವ್ವ ಸೆರಗಿನೊಳಗೆ ತಂಬಿಗೆ ಮುಚ್ಚಿಕೊಂಡು ಹಿತ್ತಲ ದಾರಿಯಿಂದ ಹೋಗಿ ತಾನೇ ಸೇಂದಿ ತರುತ್ತಿದ್ದಳು. ಮಗ ಕುಡಿದ ಮೇಲೆ ಕೈ ನಿಲ್ಲುತ್ತಿತ್ತು. ಅದನ್ನು ನೋಡಿ ತಾಯಿಯ ಜೀವವೂ ನೆಲೆಗೆ ನಿಲ್ಲುತ್ತಿತ್ತು. ಇದನ್ನು ಪ್ರೀತಿ ಅನ್ನದೆ ಏನನ್ನಬೇಕು? ಆದರೆ ಆ ಪ್ರೀತಿಯೇ ಅವನನ್ನು ಗುಂಡಿಗೆ ತಳ್ಳುತ್ತಿದೆ ಎಂದು ಆಕೆಗೆ ಹೇಳುವ ಎದೆಗಾರಿಕೆ ಒಬ್ಬಳಿಗೆ ಮಾತ್ರ ಇತ್ತು.

ಅವಳು ಸೊಸೆ ಉಮಾಬಾಯಿ. ಒಂದು ದಿನ ಮಗಳನ್ನು ಸೊಂಟಕ್ಕೆ ಎತ್ತಿಕೊಂಡು, ಪೆದ್ದೆಮುಲ್‌ನ ತವರಿಗೆ ಹೊರಟು ನಿಂತಳು.

"ಅತ್ತಿ, ಅವರ ಕುಡಿತಕ್ಕ ಹೆದರಿ ಹೊಂಟಿಲ್ರಿ ನಾ. ನಿಮ್ಮ ಸುಳ್ಳಿಗೆ ಹೆದರೀನಿ. ಈ ಮನ್ಯಾಗ ಖರೆ ಮಾತು ಕೇಳಿದ ದಿನ ಬರತೀನಿ."

"ನನಗ ಬುದ್ಧಿ ಹೇಳಾಕ ಬರತಿ ಏನ? ಹೋಗು!" ಎಂದು ಭೀಮವ್ವ ಬಾಗಿಲು ತೋರಿಸಿದಳು. ಬಸ್ಸಿನ ಧೂಳು ಅಡಗಿದ ಮೇಲೆ ಬಾವಿಯ ಕಟ್ಟೆಯಲ್ಲಿ ಕೇಳಿದ ಹೆಂಗಸರಿಗೆ, ಬೀಗರ ಮನೆಯಲ್ಲಿ ಯಾರಿಗೋ ಜ್ವರ ಬಂದಿದೆ ಎಂದು ಹೇಳಿದಳು.

ಮೊಮ್ಮಗಳಿಲ್ಲದ ಮನೆ ಆಕೆಯನ್ನು ಕಚ್ಚಿ ತಿನ್ನತೊಡಗಿತು. ಮಗ ಕುಡಿತ ಬಿಡಬೇಕು, ಸೊಸೆ, ಮೊಮ್ಮಗಳು ಮನೆಗೆ ಬರಬೇಕು. ಆಕೆಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ. ಮಗನಿಂದ ತನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಳು. ಪಾಪ, ರೇವಪ್ಪ ತಾಯಿಯ ಆಣೆಗೆ ಕಟ್ಟುಬಿದ್ದು ಒಂದು ಹನಿಯೂ ಮುಟ್ಟಲಿಲ್ಲ. ಮೂರನೆಯ ದಿನ ಬೆಳಗ್ಗೆ ಅಂಗಳದಲ್ಲಿ ಮುಖ ತೊಳೆಯುತ್ತಿದ್ದವನು ಹಾಗೇ ಬಿದ್ದ. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಭೀಮವ್ವನ ಕೂಗಿಗೆ ಓಣಿಯೇ ಓಡಿ ಬಂತು. ಗಾಡಿ ಕಟ್ಟಿ ತಾಂಡೂರಿಗೆ ಒಯ್ದರು.

ತಾಂಡೂರಿನಲ್ಲಿ ಡಾಕ್ಟರ್ ಆತ್ಮಾರಾಮ ಎಂಬವರು ಸಣ್ಣ ದವಾಖಾನೆ ಇಟ್ಟಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ಕುಡುಕರಿಗೆ ಬೈಗುಳ ಸಿಗುತ್ತಿತ್ತೇ ಹೊರತು ಔಷಧ ಸಿಗುತ್ತಿರಲಿಲ್ಲ. ಆತ್ಮಾರಾಮರು ಮಾತ್ರ ಅವರನ್ನು ಒಳಗೆ ಮಲಗಿಸಿಕೊಂಡು ನೋಡುತ್ತಿದ್ದರು. ಪ್ರತಿ ಗುರುವಾರ ಬೆಳಗ್ಗೆ ಆ ಕುಡುಕರ ಮನೆಯವರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿಕೊಂಡು ಮಾತಾಡುತ್ತಿದ್ದರು.

"ಒಮ್ಮಿಂದೊಮ್ಮೆ ಬಿಡಿಸಿದ್ರ ಹಿಂಗ ಆಗತದ, ಅವ್ವಾ. ಜೀವಾನೂ ಹೋಗತದ. ಆಣಿಯಿಂದ ನಡಗು ನಿಲ್ಲಂಗಿಲ್ಲ, ಔಷಧ ಬೇಕು" ಎಂದು ರೇವಪ್ಪನನ್ನು ಅಲ್ಲೇ ಇಟ್ಟುಕೊಂಡರು. ನಡುಕ ಇಳಿಯಿತು, ನಿದ್ದೆ ಬಂತು, ರೊಟ್ಟಿ ಸೇರಿತು. ಮನೆಗೆ ಕಳಿಸುವ ದಿನ ಭೀಮವ್ವನಿಗೆ ಹೇಳಿದರು: "ಮಗನ ಔಷಧ ನಾ ನೋಡಕೋತೀನಿ. ಮನ್ಯಾಗ ಪಥ್ಯ ಮಾಡೋದು ಮಾತ್ರ ನಿಮ್ದು. ಗುರುವಾರ ಬರ್ರಿ, ಹ್ಯಾಂಗಂತ ತಿಳಿಸಿ ಹೇಳತೀನಿ."

ತಿಳಿಸಿ ಹೇಳುವುದೇನಿದೆ? ಪಥ್ಯವನ್ನು ಭೀಮವ್ವನಿಗೆ ಕಲಿಸುವುದೇ? ಹಾಲು ಕುಡಿಯುವ ಕೂಸಿಗೆ ಕಾಯಿಲೆಯಾದರೆ ತಾಯಿಯೇ ಪಥ್ಯ ಹಿಡಿಯಬೇಕು, ಇದು ಯಾವ ಹೆಂಗಸಿಗೆ ಗೊತ್ತಿಲ್ಲ? ರೇವಪ್ಪ ತೊಟ್ಟಿಲಲ್ಲಿದ್ದಾಗ ಭೇದಿಯಾಗಿ ಕೈಬಿಟ್ಟು ಹೋಗುವಂತಿದ್ದಾಗ ಆಕೆ ಬರೀ ಗಂಜಿ ಕುಡಿದು ಅವನನ್ನು ಉಳಿಸಿಕೊಂಡಿದ್ದಳು. ಈಗಲೂ ಹಾಗೇ ಮಾಡಿದಳು. ಹುಣಸೆಹುಳಿ ಬಿಟ್ಟಳು, ಬದನೆಕಾಯಿ ಬಿಟ್ಟಳು, ಪ್ರಾಣಕ್ಕೆ ಸಮವಾದ ಕೆಂಪು ಮೆಣಸಿನಕಾಯಿ ಹಿಂಡಿಯನ್ನೂ ಬಿಟ್ಟಳು. ಮೀಸೆ ಹೊತ್ತ ಮಗನಿಗಾಗಿ ಅರವತ್ತು ದಾಟಿದ ಮುದುಕಿ ಬಾಣಂತಿಯ ಪಥ್ಯ ಹಿಡಿದಳು. ಗುರುವಾರ ದವಾಖಾನೆಗೆ ಹೋಗಲಿಲ್ಲ. ನಾಲ್ಕು ಜನರ ಮುಂದೆ ಕೂತರೆ ಮರ್ಯಾದೆ ಏನಾಗಬೇಕು!

ಊರಿನವರು ವಿಚಾರಿಸಿದಾಗ ಮಾತ್ರ ಹಳೆಯ ಮಾತೇ ಬಂತು. "ಜ್ವರ ತಲಿಗೇರಿದ್ವು. ಈಗ ಬಿಟ್ಟಾವ."

ಆ ಸುಳ್ಳು ಒಂದು ಮಧ್ಯಾಹ್ನ ಗಡಿಗೆ ಹೊತ್ತುಕೊಂಡು ಮನೆ ಬಾಗಿಲಿಗೇ ಬಂತು. ಹೊತ್ತು ತಂದವನು ಗಣಿಯ ಜೊತೆಗಾರ ಕಾಶಪ್ಪ.

"ಅವ್ವಾ, ಜ್ವರ ಬಿಟ್ಟಮ್ಯಾಲ ಮೈಯಾಗ ಉಷ್ಣ ನಿಂತಿರತದ. ತಂಪಾಗ್ಲಿ ಅಂತ ಸೇಂದಿ ತಂದೀನಿ."

ಭೀಮವ್ವ ಗಡಿಗೆಯನ್ನೇ ನೋಡಿದಳು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಹೇಳಿದರೆ ಇಷ್ಟು ವರ್ಷದ ಜ್ವರವೆಲ್ಲ ಬಯಲಾಗುತ್ತದೆ. ಒಳಗಿದ್ದ ರೇವಪ್ಪ ತಾಯಿ ಏನಾದರೂ ಅಂದಾಳು ಎಂದು ಕಿವಿಗೊಟ್ಟು ಕಾದ. ಆಕೆ ಅನ್ನಲಿಲ್ಲ. ಅವನು ಹೊರಗೆ ಬಂದ, ಕೂತ, ಕುಡಿದ.

ಮರುದಿನ ಗುರುವಾರ. ಭೀಮವ್ವ ಮೊದಲ ಬಸ್ಸು ಹತ್ತಿದಳು, ಮರ್ಯಾದೆ ನಾಚಿಕೆ ಎಲ್ಲ ಮರೆತು ಪಡಸಾಲೆಗೆ ನುಗ್ಗಿದಳು. ಕೂತವರೆಲ್ಲ ತಿರುಗಿ ನೋಡಿದರು.

"ಏನ್ ಡಾಕ್ಟರ್ ಸಾಬ್ ನಿಮ್ಮ ಪಥ್ಯ! ಹುಳಿ ಮುಟ್ಟಿಲ್ಲ, ಖಾರ ಮುಟ್ಟಿಲ್ಲ, ನಾಲಿಗಿ ಜಡ್ಡುಗಟ್ಟಿ ಹೋಗ್ಯದ. ಆದ್ರೂ ನನ್ನ ಮಗ ಕುಡದ!"

ಡಾಕ್ಟರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಗು ತಡೆಯಲು ಮುಖ ತಿರುಗಿಸಿದರು. ಹತ್ತಿರ ಕೂತಿದ್ದ ಸುಗಲಾಬಾಯಿ, ಗಂಡನ ಕುಡಿತಕ್ಕಾಗಿ ಅಲ್ಲಿಗೆ ಬರುತ್ತಿದ್ದವಳು, ಮೆತ್ತಗೆ ಕೈ ಹಿಡಿದು ಕೂಡಿಸಿ ಕೇಳಿದಳು: "ನಿನ್ನ ಮಗಗ ಏನಾಗ್ಯದ, ಅಕ್ಕಾ?"

"ಜ್ವರ ಬಂದಾವ" ಅಂದಳು ಭೀಮವ್ವ.

ಪಡಸಾಲೆಯೆಲ್ಲ ಘೊಳ್ಳೆಂದಿತು. ಕುಡುಕರ ಮನೆಯವರೇ ತುಂಬಿದ ಕೋಣೆಯಲ್ಲಿ ಕೂತು, ಮಗ ಕುಡಿದ ಎಂದು ಈಗಷ್ಟೇ ಕೂಗಿದ ಬಾಯಲ್ಲೇ! ಭೀಮವ್ವ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡಳು. ತಾನೂ ನಕ್ಕಳು. ನಗುತ್ತ ನಗುತ್ತ ಅಳು ಬಂತು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅಳುತ್ತಲೇ ತಂಬಿಗೆಯ ಕತೆ, ಗಡಿಗೆಯ ಕತೆ ಎಲ್ಲ ಹೇಳಿಬಿಟ್ಟಳು.

ಡಾಕ್ಟರ್ ಎದುರಿಗೆ ಬಂದು ಕೂತರು. "ಅವ್ವಾ, ಹುಳಿ ತಿನ್ರಿ, ಖಾರ ತಿನ್ರಿ. ನೀವು ಬಿಡಬೇಕಾದ್ದು ಈ ಜ್ವರದ ಮಾತು. ಬ್ಯಾನಿ ಮುಚ್ಚಿಟ್ಟು ಅವಗ ನಾಚಿಗಿ ಕಲಿಸೀರಿ. ನಾಚಿಗಿ ಆದಾಗೊಮ್ಮೆ ಅವ ಕುಡೀತಾನ. ತಂಬಿಗಿ ತರೋದು ಬಿಡ್ರಿ, ಆಣಿ ಇಡಸೋದು ಬಿಡ್ರಿ, ಹಂಗಸೋದು ಬಿಡ್ರಿ. ಖರೆ ಹೇಳ್ರಿ. ಅದೇ ನಿಮ್ಮ ಪಥ್ಯ."

"ಅದು ಭಾಳ ಕಠಿಣ ಅದರಿ" ಎಂದಳು ಭೀಮವ್ವ. ಬದನೆಕಾಯಿ ಬಿಡುವುದು ಅದರ ಮುಂದೆ ಏನೂ ಅಲ್ಲ ಎಂದು ಆಕೆಗೆ ಆಗಲೇ ಗೊತ್ತಾಗಿತ್ತು.

ರೇವಪ್ಪನನ್ನು ಮತ್ತೆ ಕರೆತಂದರು. ಈ ಸಲ ಔಷಧದ ಜೊತೆಗೆ ಮಾತೂ ನಡೆಯಿತು. ಯಾವ ಹೊತ್ತಿಗೆ ಮನಸ್ಸು ಸೇಂದಿಯ ಕಡೆ ಎಳೆಯುತ್ತದೆ, ಯಾರ ಮುಖ ಕಂಡರೆ ಎಳೆಯುತ್ತದೆ, ಎಳೆದಾಗ ಯಾರ ಹತ್ತಿರ ಓಡಬೇಕು ಎಂದೆಲ್ಲ ಡಾಕ್ಟರ್ ಅವನ ಬಾಯಿಂದಲೇ ಹೇಳಿಸಿದರು. ಗಣಿಯಿಂದ ಮನೆಗೆ ಬರಲು ಅಂಗಡಿ ಸಿಗದ ದಾರಿಯನ್ನು ಅವನೇ ಹುಡುಕಿದ. ಸುತ್ತು ದಾರಿ, ಆದರೂ ದಾರಿ.

ರೇವಪ್ಪ ಮನೆಗೆ ಬಂದ ಕೆಲವು ದಿನಕ್ಕೆ ಗಣಿಯ ಮುಕಾದಮ ವೈಜಿನಾಥ ನಾಲ್ಕು ಆಳುಗಳ ಜೊತೆ ಬಂದು ಮನೆಯ ಕಟ್ಟೆಯ ಮೇಲೆ ಕೂತ. ಅವನು ಕೆಲಸ ಮಾಡಿಸುವ ಮೇಸ್ತ್ರಿ, ನೇರ ಮಾತಿನವನು. ಆಳುಗಳ ನಡುವೆ ಕಾಶಪ್ಪನೂ ಇದ್ದ. ಕೆಲಸಕ್ಕೆ ಬರುತ್ತಾನೋ ಇಲ್ಲವೋ, ಇವತ್ತು ತೀರ್ಮಾನವಾಗಬೇಕು ಎಂದ ವೈಜಿನಾಥ. "ರೇವಪ್ಪಗ ಏನಾಗ್ಯದ, ಅವ್ವಾ?"

ಭೀಮವ್ವನ ನಾಲಿಗೆಯ ತುದಿಯಲ್ಲಿ ಆ ಮಾತು ಸಿದ್ಧವಾಗಿ ನಿಂತಿತ್ತು. ಆಚೆ ಬಾವಿಯ ಕಟ್ಟೆಯಲ್ಲಿ ಹೆಂಗಸರು ಕೊಡ ಇಳಿಸಿ ನೋಡುತ್ತಿದ್ದರು. ಬಾಗಿಲ ಮರೆಯಲ್ಲಿ ಮಗ ನಿಂತಿದ್ದಾನೆ ಎಂಬುದೂ ಆಕೆಗೆ ಗೊತ್ತಿತ್ತು. ಕಂಬ ಹಿಡಿದುಕೊಂಡಳು.

"ಜ್ವರ ಅಲ್ರಿ" ಎಂದಳು. ಧ್ವನಿ ಸಣ್ಣಗೆ ಬಂತು. ಮತ್ತೆ ಹೇಳಿದಳು, ಈ ಸಲ ಓಣಿಗೆಲ್ಲ ಕೇಳುವಂತೆ. "ಜ್ವರ ಅಲ್ಲ! ಒಂದು ದಿನಾನೂ ಜ್ವರ ಇದ್ದಿಲ್ಲ. ನನ್ನ ಮಗ ಸೇಂದಿಗೆ ಬಿದ್ದಿದ್ದ. ನಾನೇ ಸೆರಗಿನಾಗ ತಂದು ಕುಡಿಸೀನಿ. ಈಗ ಬಿಡಾಕ ಹತ್ಯಾನ, ದವಾಖಾನಿ ಔಷಧ ನಡದದ. ಕೆಲಸ ಕೊಡ್ತೀರೋ ಬಿಡ್ತೀರೋ ನಿಮ್ಗ ಬಿಟ್ಟದ್ದು. ಆದ್ರ ಕಾಶಪ್ಪಾ, ಇನ್ನ ಗಡಿಗಿ ಹೊತ್ತು ಈ ಬಾಗಲಿಗೆ ಬಂದೀ ಅಂದ್ರ ನಿನ್ನ ತಲಿ ಮ್ಯಾಲೇ ಒಡೀತೀನಿ!"

ಕಾಶಪ್ಪ ತಲೆ ಮುಟ್ಟಿ ನೋಡಿಕೊಂಡ. ಆಗ ರೇವಪ್ಪ ಬಾಗಿಲ ಮರೆಯಿಂದ ಹೊರಗೆ ಬಂದ. ಮುಖ ಕೆಂಪಾಗಿತ್ತು, ಆದರೆ ತಲೆ ಎತ್ತಿದ್ದ.

"ಅವ್ವ ಹೇಳಿದ್ದು ಖರೆ ಅದ, ಮುಕಾದಮ್ ಸಾಬ್" ಎಂದು ಎರಡೂ ಕೈ ಮುಂದೆ ಚಾಚಿದ. ಕೈ ನಿಂತಿದ್ದವು.

ವೈಜಿನಾಥ ಆ ಕೈಗಳನ್ನು ನೋಡಿ ಎದ್ದ. "ಊರಿಗೆಲ್ಲ ಗೊತ್ತಿತ್ತು ಅವ್ವಾ, ನಿನ್ನ ಬಾಯಿಂದ ಬರಬೇಕಿತ್ತು ಅಷ್ಟೇ. ನಾಳಿ ಬಾ, ರೇವಪ್ಪಾ."

ಭೀಮವ್ವನ ಕೂಗು ಪೆದ್ದೆಮುಲ್‌ವರೆಗೆ ಕೇಳಲು ವಾರವೂ ಹಿಡಿಯಲಿಲ್ಲ. ಉಮಾಬಾಯಿ ಮಗಳನ್ನು ಕರೆದುಕೊಂಡು ಬಂದು ಹೊಸ್ತಿಲ ಹೊರಗೇ ನಿಂತು ಕೇಳಿದಳು: "ಹ್ಯಾಂಗದಾರ್ರಿ, ಅತ್ತಿ?"

ಎಲ್ಲ ಸರಿಯಾಗಿದೆ, ಒಳಗೆ ಬಾ ಎನ್ನಲು ಭೀಮವ್ವನ ಜೀವ ತುಡಿಯುತ್ತಿತ್ತು. ಆ ಮಾತನ್ನು ನುಂಗಿಕೊಂಡು ಹೇಳಿದಳು: "ಇವತ್ತು ಕುಡದಿಲ್ಲ. ಮೊನ್ನೆ ಭಾಳ ಒದ್ದಾಡ್ಯಾನ. ನಾಳಿದು ನನಗ ಗೊತ್ತಿಲ್ಲ, ತಂಗಿ."

ಉಮಾಬಾಯಿ ಚೀಲ ಒಳಗಿಟ್ಟಳು. ಒಲೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತ, "ಹುಳಿ ಹಾಕ್ಲೇನ್ರಿ?" ಎಂದಳು. "ಕೈ ಬಿಚ್ಚಿ ಹಾಕು" ಎಂದಳು ಅತ್ತೆ, ಮೊಮ್ಮಗಳನ್ನು ಮಡಿಲಿಂದ ಇಳಿಸದೆ.

ಮುಂದೆ ಎಲ್ಲ ಸುಸೂತ್ರ ನಡೆಯಿತು ಎಂದರೆ ಭೀಮವ್ವನೇ ಒಪ್ಪುವುದಿಲ್ಲ. ನಡುವೆ ಒಮ್ಮೆ ರೇವಪ್ಪ ಎಡವಿದ, ಎದ್ದ. ಆ ದಿನ ಮನೆಯವರು ಮೂವರೂ ಸೇರಿ ಬಸ್ಸು ಹತ್ತಿ ದವಾಖಾನೆಗೆ ಹೋದರು, ಯಾರ ಕಣ್ಣನ್ನೂ ತಪ್ಪಿಸಲಿಲ್ಲ. ಆಮೇಲೆ ಅವನು ಎಡವಲಿಲ್ಲ. ಇನ್ನೊಂದು ಮಳೆಗಾಲದಲ್ಲಿ ಅವನಿಗೆ ನಿಜವಾಗಿಯೂ ಚಳಿಜ್ವರ ಬಂತು ನೋಡಿ! ಭೀಮವ್ವ ಹೇಳಿದರೆ ಯಾರೂ ನಂಬಲಿಲ್ಲ. ಆಕೆ ಓಣಿಯವರನ್ನೆಲ್ಲ ಕೈ ಹಿಡಿದು ಎಳೆದುತಂದು ಮಗನ ಹಣೆ ಮುಟ್ಟಿಸಿದಳು. "ಸುಡತದೋ ಇಲ್ಲೋ? ಸುಡತದೋ ಇಲ್ಲೋ?" ಎಂದು ಆಕೆ ಕೇಳುತ್ತಿದ್ದ ಸಂಭ್ರಮಕ್ಕೆ, ಕಂಬಳಿಯೊಳಗೆ ನಡುಗುತ್ತಿದ್ದ ರೇವಪ್ಪನೂ ನಕ್ಕುಬಿಟ್ಟ.

ಡಾಕ್ಟರ್ ಆತ್ಮಾರಾಮರ ಪಡಸಾಲೆಗೆ ರೇವಪ್ಪನೇ ಫರ್ಶಿ ಹಾಸಿಕೊಟ್ಟ. ಮಗ ಹಾಸಿದ ಆ ತಣ್ಣನೆಯ ಕಲ್ಲಿನ ಮೇಲೆ ಭೀಮವ್ವ ಪ್ರತಿ ಗುರುವಾರ ಕಾಲು ಚಾಚಿ ಕೂರುತ್ತಿದ್ದಳು. ಒಂದು ಗುರುವಾರ ಹೊಸಬಳೊಬ್ಬಳು, ಸಾಬಮ್ಮ ಎಂಬವಳು, ಬಾಗಿಲಲ್ಲಿ ಸೆರಗು ಎಳೆದುಕೊಂಡು ನಿಂತಳು. ನಿಮ್ಮ ಮಗನಿಗೆ ಏನಾಗಿದೆ ಎಂದು ಡಾಕ್ಟರ್ ಕೇಳಿದರು.

"ಏನಿಲ್ರಿ" ಎಂದಳು ಆಕೆ ನೆಲ ನೋಡುತ್ತ. "ಸ್ವಲ್ಪ ಜ್ವರ ಬಂದಾವ."

ಯಾರೂ ನಗಲಿಲ್ಲ. ಭೀಮವ್ವ ಕಾಲು ಮಡಚಿ ಪಕ್ಕದಲ್ಲಿ ಜಾಗ ಮಾಡಿದಳು.

"ಬಾ ತಂಗಿ, ಇಲ್ಲಿ ಕೂಡು. ನನ್ನ ಮಗಗೂ ಭಾಳ ವರ್ಷ ಅದೇ ಜ್ವರ ಇದ್ವು."