ಹೊಳೆವ್ವನ ಹಲ್ಲಿ

ಹುಬ್ಬಳ್ಳಿಯ ರೈಲ್ವೆ ಬಂಗಲೆಗಳಲ್ಲಿ ಕೆಲಸಕ್ಕಿದ್ದ ಹೆಂಗಸರಲ್ಲಿ ಹೊಳೆವ್ವನಷ್ಟು ಅಂಜುಬುರುಕಿ ಇನ್ನೊಬ್ಬಳು ಇರಲಿಕ್ಕಿಲ್ಲ. ಕಾಗೆ ಕೂಗಿದರೆ ಅಂಜಿಕೆ, ಕೂಗದಿದ್ದರೆ ಇವತ್ತೇಕೆ ಕೂಗಲಿಲ್ಲವೆಂದು ಅಂಜಿಕೆ. ಗಂಡ ಯಮನಪ್ಪ ವರ್ಕ್‌ಶಾಪಿನಿಂದ ಬರುವುದು ತುಸು ತಡವಾದರೆ ಸಾಕು, ಅವನನ್ನು ಮನಸ್ಸಿನಲ್ಲೇ ಮಣ್ಣು ಮಾಡಿ, ಅತ್ತು ಮುಗಿಸಿ, ಅವನು ಬಾಗಿಲಿಗೆ ಬಂದ ಕೂಡಲೇ ಬೈಯಲು ಶುರುಮಾಡುವವಳು. ಇಂಥವಳ ಕೈಗೆ ಬೇಕನ್ ಕರಿಯುವ ಕೆಲಸ ಬಿದ್ದದ್ದು ಅವಳ ಹಣೆಬರಹವೋ ಬೇಕನ್ನಿನ ಹಣೆಬರಹವೋ, ಶಿವನೇ ಬಲ್ಲ.

ಬಿದ್ದದ್ದು ಹೀಗೆ. ಅವಳು ಪಾತ್ರೆ ತಿಕ್ಕುತ್ತಿದ್ದ ಬಂಗಲೆಯ ಸಾಹೇಬನಿಗೆ ಮುಂಜಾನೆಯ ತಿಂಡಿಗೆ ಬೇಕನ್ ಬೇಕು. ಉಪ್ಪು ಹಚ್ಚಿ, ಹೊಗೆ ಕೊಟ್ಟು, ಪಟ್ಟಿಪಟ್ಟಿಯಾಗಿ ಕೊಯ್ದ ಹಂದಿಯ ಮಾಂಸ. ಅಡುಗೆಯ ಕಾಸಿಮಸಾಬ ಉಳಿದದ್ದೆಲ್ಲ ಮಾಡುವನು, ಅದೊಂದನ್ನು ಮುಟ್ಟಲಾರ. ಮೇಮಸಾಬ್ ಹೊಳೆವ್ವನ ಕಡೆ ಬೆರಳು ತೋರಿಸಿದಳು. ಹೊಳೆವ್ವನ ಮಂದಿ ಕೋಳಿ ಕುರಿ ತಿನ್ನುವವರೇ, ಆದರೆ ಇದು ಅವರ ಒಲೆಗೂ ಬಂದದ್ದಲ್ಲ. ಅಳುತ್ತ ಮನೆಗೆ ಹೋದರೆ ಯಮನಪ್ಪ, ತಿನ್ನು ಅಂತ ಯಾರೂ ಹೇಳಿಲ್ಲವಲ್ಲ, ಕರಿ ಅಂದಿದ್ದಾರೆ, ಸುಮ್ಮನೆ ಕರಿ ಎಂದು ಮಗ್ಗುಲು ಬದಲಿಸಿದ.

ಸ್ಟೇಷನ್ನಿನ ಹತ್ತಿರ ಗೋವಾದವನೊಬ್ಬನ ಅಂಗಡಿ. ಮುಂಬೈ ಗಾಡಿಯಲ್ಲಿ ಮಾಲು ಬರುವುದು. ಮೊದಲ ಸಲ ಹೊಳೆವ್ವ ಕುರಿಮಾಂಸದ ಲೆಕ್ಕ ಹಾಕಿ, ಕೊಬ್ಬು ಹೆಚ್ಚಿದ್ದಷ್ಟೂ ಛಲೋ ಎಂದು ಬೆಳ್ಳಗಿನದನ್ನೇ ಆರಿಸಿ ತಂದಳು. ಕಾದ ಎಣ್ಣೆಗೆ ಹಾಕಿದಳು. ಅದು ಕರಗಿ ಕರಗಿ ಕೊನೆಗೆ ತವೆಯ ಮೇಲೆ ಬರೀ ಎಣ್ಣೆಯ ಕೆರೆ, ನಡುವೆ ನಾಲ್ಕು ಕರಿ ಚೂರು. ಮರುಸಲ ಬರೀ ಕೆಂಪಿನದನ್ನು ತಂದಳು. ಅದು ಸಾಹೇಬನ ಹಲ್ಲಿಗೆ ಹಳೆಯ ಕೆರದ ತೊಗಲಿನ ಹಾಗೆ ಸಿಕ್ಕಿಕೊಂಡಿತು.

ಆಮೇಲೆ ಕಲಿಸಿದವನು ಕಾಸಿಮಸಾಬ. ತಮಾಷೆ ನೋಡಿ: ಜನ್ಮದಲ್ಲಿ ಅದನ್ನು ಮುಟ್ಟಿದವನಲ್ಲ, ರುಚಿ ಕಂಡವನಲ್ಲ. ಆದರೆ ಎಷ್ಟೋ ಮೇಮಸಾಬರ ಬೈಗಳು ಕೇಳಿ ಕೇಳಿಯೇ ಅವನಿಗೆ ಎಲ್ಲ ಬಾಯಿಪಾಠವಾಗಿತ್ತು. ಕೆಂಪು ಬಿಳಿ ಸಮಸಮ ಇರುವ ಪಟ್ಟಿ ತೆಗೆದುಕೋ, ಬಿಳಿಯದು ಹಳದಿಗೆ ತಿರುಗಿದ್ದರೆ ಬೇಡ, ಬೆರಳಿಗೆ ಅಂಟಿದರೆ ಅಂಗಡಿಯವನ ಮುಖಕ್ಕೇ ಹೊಡೆದು ಬಾ, ಎಂದು ಹೇಳಿಕೊಟ್ಟ. ಹಿತ್ತಲಿನ ಮಾಡಿನ ಕೆಳಗೆ ಅವಳಿಗೊಂದು ಬೇರೆ ಒಲೆ ಹಾಕಿಸಿದ. ತವೆಯೂ ಬೇರೆ, ಅದರ ಹಿಡಿಗೆ ಕೆಂಪು ಚಿಂದಿ. ಅವಳು ಕರಿಯುವಾಗ ಅವನು ಅಡುಗೆಮನೆಯ ಹೊಸ್ತಿಲಲ್ಲಿ, ಬೆನ್ನು ತಿರುಗಿಸಿ, ಮೂಗಿಗೆ ಕರ್ಚೀಫು ಹಿಡಿದು ನಿಲ್ಲುವನು. ಕಿವಿಯೊಂದೇ ಇತ್ತ.

“ತವಾ ತಣ್ಣಗಿರಲಿ. ಎಣ್ಣಿ ಹಾಕಬ್ಯಾಡ. ಉರಿ ಸಣ್ಣ ಮಾಡು, ಚಟಚಟ ಜೋರಾತು. ಹಾಂ. ಈಗ ತಿರುವು.”

ಸದ್ದಿನ ಮೇಲೇ ಅಡುಗೆ. ಸಾಹೇಬ ತಟ್ಟೆ ನೆಕ್ಕತೊಡಗಿದ. ತವೆಯಲ್ಲಿ ಉಳಿದ ಕೊಬ್ಬನ್ನು ಹೊಳೆವ್ವ ಖಾಲಿ ಬಿಸ್ಕತ್ತಿನ ಡಬ್ಬಿಗೆ ಸೋಸಿ ಹಿತ್ತಲಿನ ಗೂಡಿನಲ್ಲಿಡುವಳು; ಅದರಲ್ಲಿ ಕರಿದ ಪಾವುರೊಟ್ಟಿ ಎಂದರೆ ಸಾಹೇಬನಿಗೆ ಜೀವ. ಆಮೇಲೆ ಬೂದಿ ಹಚ್ಚಿ ಕೈ ತಿಕ್ಕಿ, ಸ್ನಾನ ಮಾಡದೆ ಅವಳು ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಇಷ್ಟು ಶುದ್ಧ ಇದ್ದದ್ದಕ್ಕೇ ಕಾಸಿಮಸಾಬ ಆ ಮನೆಯಲ್ಲಿ ನಿಶ್ಚಿಂತೆಯಿಂದ ತುತ್ತು ಎತ್ತುತ್ತಿದ್ದ. ತನ್ನ ಓಣಿಯಲ್ಲಿ ಮಾತ್ರ ಅವನು, ನಮ್ಮ ಬಂಗಲೆಯಲ್ಲಿ ಅಂಥದ್ದೆಲ್ಲ ಬೇಯುವುದೇ ಇಲ್ಲ ಎಂದು ಹೇಳಿಕೊಂಡಿದ್ದ. ಏನು ಮಾಡುತ್ತಾನೆ, ಓಣಿಯ ನಾಲಿಗೆಗೆ ಎಲುಬಿಲ್ಲ, ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು.

ಯುದ್ಧದ ಕಾಲ. ಆ ವರ್ಷ ರಮಜಾನ್ ಶ್ರಾವಣದ ಮಳೆಯಲ್ಲಿ ಬಂತು. ಒಂದು ದಿನ ಹಿತ್ತಲಿನ ಮಾಡು ಸೋರಿ ಕೊಬ್ಬಿನ ಡಬ್ಬಿಯ ಮೇಲೇ ತಟತಟ ನೀರು. ಹೊಳೆವ್ವ ಕೈ ತೊಳೆದು, ಡಬ್ಬಿ ಒರೆಸಿ, ಸದ್ಯಕ್ಕೆ ಇರಲಿ, ಮಾಡಿನ ಮೇಲೆ ತಗಡು ಎಳೆದು ಬಂದು ಒಯ್ಯುತ್ತೇನೆ ಎಂದು ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟಳು. ಅಷ್ಟರಲ್ಲಿ ಮೇಮಸಾಬ್ ಒಣಹಾಕಿದ ಬಟ್ಟೆಗೆ ಕೂಗಿದಳು. ಜಗತ್ತಿನಲ್ಲಿರುವ ಎಲ್ಲದಕ್ಕೂ ಅಂಜುವ ಹೆಣ್ಣುಮಗಳು, ಅಂಜಲೇಬೇಕಾದ ಒಂದನ್ನು ಮರೆತಳು.

ಆವತ್ತೇ ಕಾಸಿಮಸಾಬನ ಮನೆಗೆ ಮಗಳು ಅಬೀದಾಳನ್ನು ತಂದುಕೊಳ್ಳಲಿರುವ ಬೀಗರು ರೋಜಾದ ಉಪವಾಸ ಬಿಡಲು ಬರುವವರಿದ್ದರು. ಮೇಮಸಾಬಳನ್ನು ಕೇಳಿಕೊಂಡು ಅವನು ಬಂಗಲೆಯ ಒಲೆಯ ಮೇಲೇ ಬೇಳೆ, ಮಾಂಸ ಹಾಕಿದ ಸಾರು ಕುದಿಸಿದ. ತುಪ್ಪದ ಒಗ್ಗರಣೆ ಕೊಟ್ಟ. ಗಡಿಗೆಗೆ ಬಟ್ಟೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಖುಷಿಯಿಂದ ಹೊರಟ.

ಅವನು ಹೋದ ಮೇಲೆ ಹೊಳೆವ್ವನಿಗೆ ಡಬ್ಬಿಯ ನೆನಪಾಯಿತು. ಮಾಡದಲ್ಲಿ ಎರಡು ಡಬ್ಬಿ, ಎರಡೂ ಬಿಸ್ಕತ್ತಿನವು, ಒಂದೇ ಬಣ್ಣ. ಒಂದರಲ್ಲಿ ತುಪ್ಪ, ಅದರ ಮೇಲ್ಮೈ ನುಣ್ಣಗೆ, ಕೈ ಹಚ್ಚಿಲ್ಲ. ಇನ್ನೊಂದರಲ್ಲಿ ತಂಪಿಗೆ ಗಟ್ಟಿಯಾದ ಬಿಳಿ ಕೊಬ್ಬು. ಅದರ ನಡುವೆ ಚಮಚದಿಂದ ತೋಡಿದ ಹೊಸ ಕುಳಿ.

ಕತ್ತಲು ಕವಿದ ಅಡುಗೆಮನೆ. ಕಾಸಿಮಸಾಬನಿಗೆ ಮೂರು ದಿನದಿಂದ ನೆಗಡಿ, ವಾಸನೆ ಹತ್ತುವುದಿಲ್ಲ. ರೋಜಾ ಇದ್ದವನು ರುಚಿಯನ್ನೂ ನೋಡಿರಲಾರ. ಅಯ್ಯೋ ಶಿವನೇ, ಇಷ್ಟು ವರ್ಷ ಕಾಯ್ದುಕೊಂಡು ಬಂದವನ ಬಾಯಿಗೆ ನನ್ನ ಕೈಯಾರೆ ಹಾಕಿದೆನಲ್ಲ ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು.

ಮಳೆ ಹಿಡಿದಿತ್ತು. ಮೋಡದಲ್ಲಿ ಸೂರ್ಯ ಇದ್ದಾನೋ ಮುಳುಗಿದನೋ ತಿಳಿಯದು. ಕೆಸರಲ್ಲಿ ಜಾರಿ ಬಿದ್ದಳು, ಎದ್ದಳು. ರೈಲ್ವೆ ಗೇಟಿನಲ್ಲಿ ಮಾಲುಗಾಡಿ, ಮುಗಿಯದ ಡಬ್ಬಿಗಳು. ಅದು ದಾಟುವುದರೊಳಗೆ ಮಸೀದಿಯ ಬಾಂಗು ಕೇಳಿಸಿತು. ಮೊದಲು ಖರ್ಜೂರ, ನೀರು, ಆಮೇಲೆ ನಮಾಜು, ಆಮೇಲೆ ಊಟ. ಅವಳಿಗೆ ಅದು ಗೊತ್ತಿತ್ತು. ಅಷ್ಟು ಹೊತ್ತು ಸಿಕ್ಕಿದರೆ ಸಾಕು, ಯಲ್ಲವ್ವ ತಾಯಿ, ಎಂದು ಹರಕೆ ಹೊತ್ತಳು.

ಬಾಗಿಲಲ್ಲಿ ನಿಂತಾಗ ನಮಾಜು ಮುಗಿದಿತ್ತು. ಗಂಡಸರು ದುಂಡಗೆ ಕೂತಿದ್ದರು. ಎಲ್ಲರ ತಟ್ಟೆಯಲ್ಲಿ ಸಾರು. ಕಾಸಿಮಸಾಬ ರೊಟ್ಟಿ ಮುರಿದು ಅದ್ದಿ, ತುತ್ತು ಎತ್ತಿದ್ದ.

“ಕಾಕಾ, ತಿನಬ್ಯಾಡ್ರಿ!”

ಎಲ್ಲರ ಕೈ ನಿಂತಿತು. ಯಾಕೆಂದು ಬೀಗ ಕೇಳಿದ. ಒಳಗಿನ ಪರದೆಯ ಸಂದಿಯಿಂದ ಕಾಸಿಮಸಾಬನ ಹೆಂಡತಿ ರೆಹಮತ್‌ಬಿ ಇಣುಕಿದಳು. ಹೊಳೆವ್ವನ ಬಾಯಲ್ಲಿ ನಿಜ ಬಿಸಿತುಪ್ಪದ ಹಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಬಂಗಲೆಯಲ್ಲಿ ಏನು ಬೇಯುತ್ತದೆ ಎಂಬುದು ಓಣಿಗೆಲ್ಲ ಗೊತ್ತಾಗುತ್ತದೆ, ಅಬೀದಾಳ ಸಂಬಂಧ ಈ ತಟ್ಟೆಗಳ ಮುಂದೆಯೇ ಮುರಿಯುತ್ತದೆ. ಹೇಳದಿದ್ದರೆ ಇವರು ತಿನ್ನುತ್ತಾರೆ.

“ಸಾರಿನ್ಯಾಗ ಹಲ್ಲಿ ಬಿದ್ದಿತ್ರಿ,” ಎಂದಳು. “ನಾನ ನೋಡಿದೆ. ಅಂಜಿ ಹೇಳಲಿಲ್ಲ.”

ಬೀಗರು ತಟ್ಟೆ ದೂರ ಸರಿಸಿದರು. ರೆಹಮತ್‌ಬಿ ಒಳಗಿನಿಂದಲೇ ಶುರುಮಾಡಿದಳು: ಕಣ್ಣಾರೆ ನೋಡಿ ಗಡಿಗೆ ಮನೆಗೆ ಬರುವವರೆಗೂ ಬಾಯಿ ಮುಚ್ಚಿಕೊಂಡಿದ್ದೆಯಾ, ಎಂಥ ಕಟುಕಿಯೇ ನೀನು, ಉಪವಾಸ ಇದ್ದವರ ಹೊಟ್ಟೆಗೆ ವಿಷ ಹಾಕುತ್ತಿದ್ದೆಯಲ್ಲ. ಹೊಳೆವ್ವ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

ಕಾಸಿಮಸಾಬ ಅವಳನ್ನೇ ನೋಡುತ್ತಿದ್ದ. ಗೋಡೆಯ ಮೇಲೆ ಹಲ್ಲಿ ಕಂಡರೆ ಬಂಗಲೆಯೆಲ್ಲ ಕೇಳುವಂತೆ ಚೀರುವ ಹೆಣ್ಣು ಇದು. ಸಾರಿನಲ್ಲಿ ಹಲ್ಲಿ ನೋಡಿ ಸುಮ್ಮನಿದ್ದಳೇ?

“ಯಾವ ಹಲ್ಲಿ, ಹೊಳೆವ್ವ?” ಮೆಲ್ಲಗೆ ಕೇಳಿದ. “ಒಳಗಿಂದೋ, ಹಿತ್ತಲದ್ದೋ?”

“ಹಿತ್ತಲದ್ರಿ, ಕಾಕಾ.”

ಅವನ ಕೈಯಿಂದ ತುತ್ತು ಬಿತ್ತು. ಎದ್ದು ಎಲ್ಲರ ತಟ್ಟೆಯನ್ನೂ ತಾನೇ ಎತ್ತಿ ಗಟಾರಕ್ಕೆ ಸುರುವಿದ. ಗಡಿಗೆಯನ್ನು ಕಲ್ಲಿಗೆ ಹಾಕಿ ಒಡೆದ. ಆಮೇಲೆ ಮೊಣಕೈಯವರೆಗೆ ತೊಳೆದ, ಮತ್ತೆ ತೊಳೆದ, ಮತ್ತೂ ತೊಳೆದ. ಬೈಯುತ್ತಿದ್ದ ರೆಹಮತ್‌ಬಿ ಅದನ್ನು ನೋಡಿ ಬೈಗಳು ಬಿಟ್ಟು, ಪರದೆಯ ಸಂದಿಯಿಂದ ಇನ್ನೊಂದು ತಂಬಿಗೆ ನೀರು ಚಾಚಿದಳು. ಬೀಗರು ಭಜಿ, ಬಾಳೆಹಣ್ಣು ತಿಂದು, ಹಲ್ಲಿಗಳ ಕಥೆ ಹೇಳಿಕೊಳ್ಳುತ್ತ ಮದುವೆಯ ಮಾತಿಗೆ ಹೊರಳಿದರು. ಹೊಳೆವ್ವ ಮಳೆಯಲ್ಲೇ ಮನೆಗೆ ಹೋದಳು.

ಮರುದಿನ ಮುಂಜಾನೆ ಅವಳ ಕಾಲೇ ಬರಲೊಲ್ಲದು. ಕಾಸಿಮಸಾಬ ಕೆಲಸ ಬಿಟ್ಟುಹೋಗಿರುತ್ತಾನೆ, ಇಲ್ಲವೇ ಬಂದರೂ ನನ್ನ ನೆರಳಿಗೂ ನಿಲ್ಲುವುದಿಲ್ಲ. ನಿಲ್ಲಬಾರದು ಕೂಡ, ತಪ್ಪು ನನ್ನದು. ಹಿತ್ತಲಲ್ಲಿ ಒಲೆ ಹೊತ್ತಿಸಿದಳು, ಪಟ್ಟಿಗಳನ್ನು ಬಿಡಿಸಿದಳು. ಹೊಸ್ತಿಲ ಕಡೆ ನೋಡುವ ಧೈರ್ಯವಾಗಲಿಲ್ಲ. ಗಡಿಬಿಡಿಯಲ್ಲಿ ಬರೀ ತವೆಯನ್ನು ಉರಿಯ ಮೇಲಿಟ್ಟುಬಿಟ್ಟಳು, ಅದು ಹೊಗೆಯಾಡತೊಡಗಿತು.

“ತವಾ ತಣ್ಣಗಿರಬೇಕಂತ ಎಷ್ಟ ಸಲ ಹೇಳೇನಿ?”

ಹೊಸ್ತಿಲಲ್ಲಿ ಅವನ ಬೆನ್ನು. ಮೂಗಿಗೆ ಕರ್ಚೀಫು. ಹೊಳೆವ್ವನಿಗೆ ಅಳು ಒತ್ತರಿಸಿ ಬಂತು. ತವೆ ಇಳಿಸಿ ಕಣ್ಣೊರೆಸಿಕೊಂಡಳು. ತವೆ ಆರುವವರೆಗೂ ಅವನು ಕಾದ.

“ಹಲ್ಲಿ ಎಲ್ಲಿಟ್ಟಿ?”

“ಹೊರಗ ಗೂಡಿನ್ಯಾಗ ಐತ್ರಿ, ಕಾಕಾ. ಡಬ್ಬಿಗೂ ಕೆಂಪ ಚಿಂದಿ ಕಟ್ಟೇನಿ.”

“ಹಾಂ,” ಎಂದ ಕಾಸಿಮಸಾಬ, ಬೆನ್ನು ತಿರುಗಿಸಿಕೊಂಡೇ. “ಈಗ ಪಟ್ಟಿ ಹಾಕು.”