ಕೆಳಮನೆ ಆಂಟಿಯ ಸರದಿ

ಮೊನ್ನೆ ಹೊರಮಾವಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಕಾಲಿಟ್ಟಾಗ ನೀಲಗಿರಿ ಎಣ್ಣೆಯ ವಾಸನೆ ಬಂತು. ಯಾರೋ ಹಚ್ಚಿಕೊಂಡವರು ಆಗಷ್ಟೇ ಇಳಿದುಹೋಗಿರಬೇಕು. ಮಹಡಿಯ ಗುಂಡಿ ಒತ್ತುವುದನ್ನೂ ಮರೆತು ನಿಂತುಬಿಟ್ಟೆ. ಪುಲಿಕೇಶಿನಗರದ ಕೆಳಮನೆ ಆಂಟಿ ಎರಡೂ ಮಣಿಕಟ್ಟಿಗೆ ಅದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅದರಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರೂ...

ಆಗ ನಾನು ಹಲಸೂರಿನ ಒಂದು ಸಣ್ಣ ವಿಡಿಯೊ ಗೇಮ್ ಕಂಪನಿಯಲ್ಲಿ ಕೆಲಸ ಮಾಡುತ್ತಾ, ಆಂಟಿಯ ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಆಂಟಿ ಪಿಯಾನೊ ಕಲಿಸುತ್ತಿದ್ದವರು. ಕೈ ನಡುಗುವ ಕಾಯಿಲೆ ಶುರುವಾದ ಮೇಲೆ ಮಕ್ಕಳನ್ನೆಲ್ಲ ಬೇರೆ ಟೀಚರುಗಳ ಬಳಿ ಕಳಿಸಿ, ಪಿಯಾನೊ ಮೇಲೆ ಹೊದಿಕೆ ಎಳೆದುಬಿಟ್ಟಿದ್ದರು.

ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಬೆಳಿಗ್ಗೆಯಿಂದ ಅದೇ ಡ್ರಮ್ ಕೇಳಿಸ್ತಿದೆಯಲ್ಲಮ್ಮ, ಯಾವಾಗ ನಿಲ್ಲತ್ತೆ?"

ಅದು ನಾವು ಮಾಡುತ್ತಿದ್ದ ಆಟದ ಸಂಗೀತ. ಟ್ಯಾಬ್ಲೆಟ್ ತೋರಿಸಿ ವಿವರಿಸಿದೆ. ಮಂಜು ಕವಿದ ಕಣಿವೆ, ನೆಲದ ತುಂಬ ಚದುರಂಗದ ಹಲಗೆಯಲ್ಲಿರುವಂತೆ ಚೌಕ ಚೌಕ ಮನೆಗಳು. ಒಂದು ಸಣ್ಣ ಗುಂಪು, ಸೈನಿಕರ ಕಣ್ಣು ತಪ್ಪಿಸಿ ಊರಿನವರನ್ನು ನದಿ ದಾಟಿಸಬೇಕು. ಮೊದಲು ನಾವು ನಮ್ಮವರನ್ನು ನಡೆಸಬೇಕು, ಆಮೇಲೆ ಶತ್ರುವಿನ ಸರದಿ.

"ನಾನು ಯೋಚನೆ ಮಾಡೋ ತನಕ ಅವನು ಸುಮ್ನೆ ಇರ್ತಾನಾ?"

"ಎಷ್ಟು ಹೊತ್ತಾದ್ರೂ ಇರ್ತಾನೆ ಆಂಟಿ."

ಅವರು ಕುರ್ಚಿ ಎಳೆದುಕೊಂಡು ಕೂತರು. ಬಸ್ ಹತ್ತುವಾಗ, ಬ್ಯಾಂಕಿನಲ್ಲಿ ಸಹಿ ಹಾಕುವಾಗ, ಹಿಂದೆ ನಿಂತವರು ಅವರನ್ನು ಅವಸರಪಡಿಸುತ್ತಿದ್ದ ಕಾಲ ಅದು. ಅವರಿಗೆ ಆ ಆಟ ಯಾಕೆ ಹಿಡಿಸಿತೆಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಶನಿವಾರಗಳಂದು ನಾನೇ ಕೆಳಗಿಳಿದು ಹೋಗತೊಡಗಿದೆ. "ಯೋಚನೆ ಮಾಡುವಾಗ ಡ್ರಮ್ ಬೇಡಮ್ಮ, ನೀರಿನ ಸದ್ದು ಸಾಕು," ಎಂದರು ಒಮ್ಮೆ. ಆಫೀಸಿನಲ್ಲಿ ಡ್ರಮ್ ತೆಗೆದು ಕೇಳಿಸಿಕೊಂಡೆವು. ಬರೀ ಮಂಜು, ಎಲ್ಲೋ ಹರಿಯುವ ನೀರು... ಆಚೆ ಯಾರೋ ಉಸಿರು ಬಿಗಿಹಿಡಿದು ನಿಂತಂತೆ ಅನ್ನಿಸಿತು. ಅದನ್ನೇ ಉಳಿಸಿಕೊಂಡೆವು.

ಅವರಿಗೆ ತೊಂದರೆಯಾಗುತ್ತಿದ್ದದ್ದು ಪರದೆಯ ಮೇಲೆ ನಾನು ಬಿಡಿಸಿದ್ದ ಆ ಪುಟ್ಟ ಪುಟ್ಟ ಚೌಕದ ಮನೆಗಳಿಂದ. ಆಂಟಿ ಎಲ್ಲವನ್ನೂ ಅಳೆದು ತೂಗಿ ಬೆರಳಿಡುವಷ್ಟರಲ್ಲಿ ಅದು ಪಕ್ಕದ ಮನೆಗೆ ಜಾರುತ್ತಿತ್ತು. ಮುಟ್ಟಿದ್ದನ್ನು ಹಿಂತೆಗೆದುಕೊಳ್ಳಲು ದಾರಿಯಿರಲಿಲ್ಲ. ಗುಂಪಿನ ಮುದುಕ ಅಂಬಿಗ ಅವರಿಗೆ ಅಚ್ಚುಮೆಚ್ಚು. ಮತ್ತೆ ಮತ್ತೆ ಸಾಯುತ್ತಿದ್ದವನು ಅವನೇ.

"ಸುಲಭದ್ದು ಒಂದು ಲೆವೆಲ್ ಇದೆ ಆಂಟಿ, ಹಾಕ್ಕೊಡ್ಲಾ?" ಎಂದೆ.

ಅವರ ಮುಖ ಸಣ್ಣದಾಯಿತು. "ನಡುಗ್ತಿರೋದು ನನ್ನ ಕೈ ಕಣಮ್ಮ, ತಲೆ ಅಲ್ಲ."

ಮುಟ್ಟಿದ್ದನ್ನು ಹಿಂತೆಗೆದುಕೊಳ್ಳಲು ಬಿಡೋಣ ಎಂದರೆ ಆಫೀಸಿನಲ್ಲಿ ನಮ್ಮ ಬಾಸ್ ಒಪ್ಪಲಿಲ್ಲ. "ಮುಟ್ಟಿದ್ಮೇಲೆ ಮುಗೀತು. ತಪ್ಪು ಮಾಡೋ ಭಯ ಇಲ್ಲ ಅಂದ್ರೆ ಆ ಮಂಜು ಯಾಕೆ ಬೇಕು ಹೇಳು?" ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ನಾನು ವಾದಿಸಲಿಲ್ಲ, ಒಂದು ಶನಿವಾರ ಅವರನ್ನು ಆಂಟಿಯ ಮನೆಗೆ ಟೀಗೆ ಕರೆದೆ.

ಅಂಬಿಗನನ್ನು ಬಂಡೆಯ ಹಿಂದೆ ಯಾಕೆ ನಿಲ್ಲಿಸಬೇಕೆಂದು ಆಂಟಿ ಬಾಸ್‌ಗೆ ಬಿಡಿಸಿ ಹೇಳಿದರು. ಆಮೇಲೆ ಬೆರಳಿಟ್ಟರು. ಅಂಬಿಗ ಬಂಡೆ ದಾಟಿ ಬಯಲಿಗೆ ಬಂದು ನಿಂತ. ಶತ್ರುವಿನ ಸರದಿ ಬಂತು, ಬಾಣವೂ ಬಂತು. ಆಂಟಿ ಎಡಗೈಯಿಂದ ಬಲಗೈಯನ್ನು ಮಡಿಲಲ್ಲಿ ಅದುಮಿ ಹಿಡಿದು, "ಟೀ ಆರೋಗತ್ತೆ, ಕುಡೀರಿ," ಎಂದರು.

ಗೇಟಿನ ಬಳಿ ಬೈಕ್ ಹತ್ತುವ ಮುಂಚೆ ಬಾಸ್ ಅಂದರು: "ಅವ್ರು ಆಡಿದ್ದು ಸರಿಯಾಗೇ ಇತ್ತು. ಸೋಲ್ಸಿದ್ದು ನಾವು."

ಮುಂದಿನ ವಾರವೇ ಮನೆಗಳನ್ನು ದೊಡ್ಡದು ಮಾಡಿದೆ. ಮುಟ್ಟಿದರೆ ಅಲ್ಲಿ ಬರೀ ನೆರಳು ಮೂಡುವುದು. 'ಸರಿ' ಎಂದು ಒತ್ತಿದರೆ ಮಾತ್ರ ಆಳು ಹೆಜ್ಜೆಯಿಡುವುದು. ಶತ್ರುವಿನ ಬಲವನ್ನು ಒಂದಿಷ್ಟೂ ಇಳಿಸಲಿಲ್ಲ.

ಆಂಟಿ ಕೊನೆಯ ಲೆವೆಲ್ ಗೆದ್ದ ದಿನ ನಾನು ಪಕ್ಕದಲ್ಲೇ ಇದ್ದೆ. ಊರಿನವರು ನದಿ ದಾಟುವವರೆಗೆ ಸೈನಿಕರನ್ನು ತಡೆಯಲು ಒಬ್ಬರು ದಡದಲ್ಲೇ ಉಳಿಯಬೇಕಿತ್ತು. ಅವರು ಬಹಳ ಹೊತ್ತು ನೋಡಿದರು. ಅಂಬಿಗನ ನೆರಳನ್ನು ಅಲ್ಲಿಟ್ಟರು, ತೆಗೆದರು, ಮತ್ತೆ ಇಟ್ಟು 'ಸರಿ' ಒತ್ತಿದರು. ಎಲ್ಲರೂ ದಾಟಿದರು. ಅಂಬಿಗ ಬದುಕುಳಿಯಲಿಲ್ಲ.

"ಇನ್ನೊಂದ್ಸಲ ಆಡಿದ್ರೆ ಅವನನ್ನೂ ಉಳಿಸ್ಬಹುದೇನೋ ಆಂಟಿ," ಎಂದೆ.

"ಬೇಡ. ಇದು ನಾನೇ ಮಾಡಿದ್ದು, ಬೆರಳು ಮಾಡಿದ್ದಲ್ಲ." ಕಣ್ಣು ಒದ್ದೆಯಾಗಿತ್ತು. ಅವರು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಮೇಲೆ ಕಾಯಿಲೆ ಬೇಗಬೇಗ ಏರಿತು. ಅನ್ನ ನುಂಗುವುದೂ ಕಷ್ಟವಾಯಿತು, ಮಾತು ಪಿಸುಗುಟ್ಟುವಷ್ಟಕ್ಕೆ ಇಳಿಯಿತು. ಹಾಸಿಗೆ ಪಕ್ಕದಲ್ಲಿ ಕೂತರೆ ಕೈ ಹಿಡಿದುಕೊಳ್ಳುತ್ತಿದ್ದರು. ನಡುಕ ನನ್ನ ಮೊಣಕೈಯವರೆಗೂ ಬರುತ್ತಿತ್ತು... ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಅವರ ತಂಗಿ ಮನೆ ಮಾರಿದರು, ನಾನು ಹೊರಮಾವಿಗೆ ಬಂದೆ.

ಕಳೆದ ವಾರ ನಮ್ಮ ಹೊಸ ಆಟ ಮೊದಲ ಸಲ ನೆಟ್ಟಗೆ ನಡೆಯಿತು. ಖುಷಿಯಲ್ಲಿ ಅದನ್ನು ಟ್ಯಾಬ್ಲೆಟ್‌ಗೆ ಹಾಕಿಕೊಂಡು, ಬ್ಯಾಗಿಗೆ ತುರುಕಿ, ಆಫೀಸಿನ ಮೆಟ್ಟಿಲಿಳಿದೆ. ಆಟೋದವರು ಎಲ್ಲಿಗೆ ಎಂದು ಕೇಳಿದರು. ಬಾಯಿ ತೆರೆದ ಮೇಲೇ ಗೊತ್ತಾದದ್ದು, ನಾನು ಹೇಳಹೊರಟಿದ್ದು ಪುಲಿಕೇಶಿನಗರ ಎಂದು.