ಇಸ್ತ್ರಿ ಅಕ್ಕನ ಮೂಗು, ಗೋಡೆಯ ಚಾಡಿಕೋರ

ನಮ್ಮ ಓಣಿಯಲ್ಲಿ ಇಸ್ತ್ರಿ ಅಕ್ಕನ ಕೈಗೆ ಬಟ್ಟೆ ಕೊಡುವುದೆಂದರೆ ಪೊಲೀಸ್ ಠಾಣೆಗೆ ಹೋಗಿ ಬಂದ ಹಾಗೆ. ಅಂಗಿಯನ್ನು ಬೆಳಕಿಗೆ ಹಿಡಿಯುತ್ತಾಳೆ, ಗುಂಡಿ ಎಣಿಸುತ್ತಾಳೆ, ಜೇಬಿನ ಒಳಮೈಯನ್ನು ಹೊರಗೆಳೆದು ಕೊಡವುತ್ತಾಳೆ. "ಇಲ್ಲಿ ಸುಟ್ಟಿದೆ, ಈಗಲೇ ನೋಡ್ಕೊಳ್ಳಿ. ಆಮೇಲೆ ನನ್ನ ತಲೆಗೆ ಕಟ್ಟೋ ಹಾಗಿಲ್ಲ" ಅನ್ನುತ್ತಾಳೆ. ಕೊನೆಗೆ ಬಟ್ಟೆಯನ್ನು ಮೂಗಿಗೆ ಹಿಡಿಯುತ್ತಾಳೆ. ಮೂಗು ಒಪ್ಪಿದರೆ ಮಾತ್ರ ಅದು ಅವಳ ಗಂಟು ಸೇರುತ್ತದೆ.

ಆ ಮೂಗಿನ ಮೇಲಿದ್ದ ನಂಬಿಕೆ ಅವಳಿಗೆ ಹೆತ್ತ ಮಗನ ಮೇಲೂ ಇರಲಿಲ್ಲ. ಬಟ್ಟೆ ಕೆಂಪಾಗುವ ಮೊದಲೇ ಅದಕ್ಕೆ ಗೊತ್ತಾಗುತ್ತಿತ್ತು, ಹಾಲು ಒಡೆಯುವ ಮೊದಲೇ ಗೊತ್ತಾಗುತ್ತಿತ್ತು. ಮದುವೆಯಾಗಿ ಬಂದ ವರ್ಷವೇ ಅತ್ತೆ ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ಇವಳ ಕೈಗಿತ್ತು, "ಹೊಗೆ ಇರೋ ತನಕ ಕೆಂಡ ಹೊರಗಿರಲಿ. ಹೊಗೆ ಹೋದ ಮೇಲೆ ಅದು ಸಾಧು, ಒಳಗೆ ತಗೋ" ಎಂದು ಹೇಳಿಕೊಟ್ಟಿದ್ದಳಂತೆ. ಅತ್ತೆ ಹೋದಳು, ಮಾತು ಉಳಿಯಿತು. ಆ ಮನೆಯಲ್ಲಿ ಕೆಂಡವನ್ನು ಪೂರ್ತಿ ಆರಿಸಿದ್ದೇ ಇಲ್ಲ. ಕೆಲಸ ಮುಗಿದ ಮೇಲೆ ಕಬ್ಬಿಣದ ಬೋಗುಣಿಗೆ ಸುರಿದು, ಬೂದಿ ಮುಚ್ಚಿ, ಮಾರನೆಯ ದಿನಕ್ಕೆ ಇಟ್ಟುಕೊಳ್ಳುವುದು ರೂಢಿ.

ಬೇಸಿಗೆಯಲ್ಲಿ ಮೇಜು, ಬೋಗುಣಿ ಎರಡೂ ಅಂಗಳದ ತಗಡಿನ ಸೂರಿನ ಕೆಳಗಿರುತ್ತಿದ್ದವು. ಆ ವರ್ಷ ಚಳಿಯ ಜೊತೆ ಮಳೆಯೂ ಹಿಡಿಯಿತು. ಎರಡೂ ಅವಳು ಮಲಗುವ ಕೋಣೆಗೆ ಬಂದವು. ಗಾಳಿ ನುಗ್ಗದಂತೆ ಕಿಟಕಿಯ ಸಂದಿಗೆಲ್ಲ ಹಳೇ ಬಟ್ಟೆ ತುರುಕಿದಳು. ಮಗ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ಸೊಸೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪುಟ್ಟ ಮೊಮ್ಮಗಳು ರಾತ್ರಿ, ಮಧ್ಯಾಹ್ನ ಎರಡೂ ಹೊತ್ತು ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿದ್ದಳು.

ಆಮೇಲೆ ತಲೆನೋವು ಶುರುವಾಯಿತು. ಬೆಳಗ್ಗೆ ಎದ್ದರೆ ಇಸ್ತ್ರಿ ಅಕ್ಕನ ತಲೆ ಸಿಡಿಯುವುದು, ಹೊಟ್ಟೆ ತೊಳಸುವುದು. ಬಟ್ಟೆ ಹಂಚಲು ಬೀದಿಗೆ ಬಂದು ನಾಲ್ಕು ಮನೆ ತಿರುಗುವಷ್ಟರಲ್ಲಿ ಹಗುರ. ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಕಿವಿಯಲ್ಲಿ ಉಸುರಿದಳು. "ಮನೇಲಿದ್ರೆ ನೋವು, ಹೊರಗೆ ಬಂದ್ರೆ ಇಲ್ಲ. ಏನರ್ಥ ಹೇಳು?"

"ಏನು?"

"ಬೆಳಗ್ಗೆ ಟೀ ಮಾಡೋಳು ಯಾರು?"

ನಾನು ಬಾಯಿಗೆ ಸೆರಗು ಹಿಡಿದುಕೊಂಡೆ. "ಥೂ, ಬಿಡ್ತು ಅನ್ನು. ಮಗುವೂ ಬೆಳಗ್ಗೆ ಮಂಕಾಗಿರುತ್ತೆ ಅಂತೀಯಲ್ಲ. ಅದೇನು ಟೀ ಕುಡಿಯುತ್ತಾ?"

"ಮಗುಗೆ ನಿದ್ದೆ ಸಾಲಲ್ಲ ಅಷ್ಟೇ. ನಾನು ಟೀ ಮೂಸಿ ನೋಡಿದೀನಿ, ಏನೂ ವಾಸನೆ ಇಲ್ಲ. ಅದಕ್ಕೇ ಜಾಸ್ತಿ ಅನುಮಾನ."

ಇಂಥ ತರ್ಕಕ್ಕೆ ಯಾವ ಲಾಯರು ಉತ್ತರ ಕೊಟ್ಟಾನು?

ಸೊಸೆಗೂ ಅನುಮಾನವಿತ್ತು, ಆದರೆ ಬೇರೆಯದರ ಮೇಲೆ. ಅಂಗಡಿಯಲ್ಲಿ ಯಾರೋ ಗಿರಾಕಿ ಕೆಂಡದ ವಿಷಯ ಹೇಳಿದ್ದನಂತೆ. ಒಂದು ಭಾನುವಾರ ಅಂಗೈಯಗಲದ ಬಿಳಿ ಡಬ್ಬಿಯೊಂದನ್ನು ತಂದು, ಅತ್ತೆಯ ಹಾಸಿಗೆಯ ಎದುರಿನ ಗೋಡೆಗೆ, ಕಿಟಕಿಯಿಂದ ದೂರವಾಗಿ, ಮಲಗಿದವರ ತಲೆಯ ಎತ್ತರಕ್ಕೆ ಮೊಳೆ ಹೊಡೆದು ತಗುಲಿಸಿದಳು. ಗುಂಡಿ ಒತ್ತಿದಳು. ಅದು ಅರಚಿದ್ದಕ್ಕೆ ಇಸ್ತ್ರಿ ಅಕ್ಕ ಮಂಚದಿಂದ ಜಿಗಿದಳು.

"ಇದು ಅಲಾರಂ, ಅತ್ತೆ. ಕೆಂಡದಿಂದ ಒಂದು ವಿಷದ ಗಾಳಿ ಬರುತ್ತಂತೆ, ಕಾರ್ಬನ್ ಮೊನಾಕ್ಸೈಡ್ ಅಂತ. ಕಣ್ಣಿಗೆ ಕಾಣಲ್ಲ, ಮೂಗಿಗೂ ಸಿಗಲ್ಲ. ನಾಲ್ಕು ಸಲ ಕೂಗಿ, ನಿಲ್ಲಿಸಿ, ಮತ್ತೆ ನಾಲ್ಕು ಸಲ ಕೂಗಿದ್ರೆ ಎಲ್ಲ ಬಿಟ್ಟು ಹೊರಗೆ ಓಡ್ಬೇಕು. ಆಗಾಗ ಬರೀ ಒಂದು ಚಿಂವ್ ಅಂದ್ರೆ ಬ್ಯಾಟರಿ ಮುಗೀತು ಅಂತ. ಆ ಬೋಗುಣೀನೂ ಒಳಗೆ ಬೇಡ."

"ಮೂಗಿಗೆ ಸಿಗದೇ ಇರೋದು ಲೋಕದಲ್ಲೇ ಇಲ್ಲ" ಅಂದಳು ಅತ್ತೆ. ಅವಳ ಕಣ್ಣು ಡಬ್ಬಿಯಲ್ಲಿ ಮಿನುಗುತ್ತಿದ್ದ ಹಸಿರು ದೀಪದ ಮೇಲಿತ್ತು.

ಸೋಮವಾರ ನನ್ನನ್ನು ಅಂಗಳಕ್ಕೆ ಕರೆದಳು. ಬಿಸಿಲಿತ್ತು, ಮೇಜು ಹೊರಗೆ ಬಂದಿತ್ತು. "ಅದು ನಾನಾಡೋ ಮಾತೆಲ್ಲ ಕೇಳಿಸ್ಕೊಂಡು ಅವಳಿಗೆ ಮುಟ್ಟಿಸುತ್ತೆ. ಗೋಡೆಗೆ ಕಿವಿ ಇದೆ ಅಂತ ಸುಮ್ನೆ ಅಂತಾರಾ? ತಾಳು, ಪರೀಕ್ಷೆ ಮಾಡ್ತೀನಿ." ಒಳಗೆ ಹೋಗಿ ಡಬ್ಬಿಯ ಮುಂದೆ ನಿಂತು, ನೆರೆಮನೆಗೂ ಕೇಳುವಂತೆ, "ನನ್ನ ಸೊಸೆ ಅಡುಗೇಲಿ ಉಪ್ಪೇ ಇರಲ್ಲ! ದನ ಕೂಡ ಮೂಸಲ್ಲ!" ಎಂದು ಕೂಗಿ ಬಂದಳು.

ಗ್ರಹಚಾರ ನೋಡಿ. ಅದೇ ಸಂಜೆ ಸೊಸೆ ಬಡಿಸುತ್ತಾ, "ಉಪ್ಪು ಸರಿಯಾಗಿದೆಯಾ ಅತ್ತೆ?" ಎಂದು ಕೇಳಿಬಿಟ್ಟಳು.

ಇನ್ನು ಸಾಕ್ಷಿ ಬೇಕೆ? ಮಲಗುವ ಮುಂಚೆಯೇ ಡಬ್ಬಿ ಗೋಡೆಯಿಂದಿಳಿದು ಅಂಗಳದ ಸೂರಿನಲ್ಲಿ ಗಿರಾಕಿಗಳ ಹಾಸುಹೊದಿಕೆಯ ಗಂಟು ಸೇರಿತು. ಬೋಗುಣಿ ಮಾತ್ರ ಬೂದಿ ಹೊದ್ದು ಮಂಚದ ಕಾಲ ಬಳಿ ಬೆಚ್ಚಗೆ ಕೂತಿತ್ತು. ಇಸ್ತ್ರಿ ಅಕ್ಕ ಎಲ್ಲರನ್ನೂ ಅನುಮಾನಿಸಿದಳು, ಅದೊಂದನ್ನು ಬಿಟ್ಟು.

ಬೆಳಗ್ಗೆ ಬರಿಯ ಮೊಳೆ ಕಂಡ ಸೊಸೆ ಮೊದಲ ಸಲ ದನಿ ಎತ್ತಿದಳು. ನಮ್ಮ ಅಡುಗೆಮನೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ.

"ಆ ಡಬ್ಬಿ ಇಲ್ದಿದ್ರೆ ಮಗು ನಿಮ್ಮ ಹತ್ರ ಮಲಗೋದು ಬೇಡ. ನಾನು ಅಮ್ಮನ ಮನೇಲಿ ಬಿಡ್ತೀನಿ."

"ಹಾಂ! ಈಗ ಬಂತು ಹೊಟ್ಟೇಲಿರೋದು ಬಾಯಿಗೆ. ಮೊಮ್ಮಗಳನ್ನ ಕಿತ್ಕೊಳ್ಳೋಕೆ ಇಷ್ಟೆಲ್ಲ ನಾಟಕ!"

ಇಸ್ತ್ರಿ ಅಕ್ಕ ಬೈದಳು, ಅತ್ತಳು, ಆದರೆ ಮಗುವನ್ನು ಬಿಟ್ಟುಕೊಡಲು ಅವಳಿಂದಾಗದು. ಡಬ್ಬಿ ಮೊಳೆಗೆ ವಾಪಸಾಯಿತು, ಮುಖದ ಮೇಲೊಂದು ಟವೆಲ್ ಹೊದ್ದುಕೊಂಡು. ಸೊಸೆ ಕೆಲಸಕ್ಕೆ ಹೊರಡುವಾಗ ಟವೆಲ್ ಎಳೆದು ಹಾಕಿ, "ಮುಚ್ಚಿದ್ರೆ ಅದಕ್ಕೆ ಗಾಳಿ ತಾಕಲ್ಲ, ಅತ್ತೆ" ಅಂದು ಹೋದಳು.

ಮಧ್ಯಾಹ್ನ ಮಳೆ ಸುರಿಯತೊಡಗಿತು. ಮೇಜು, ಗಂಟು ಎಲ್ಲ ಮತ್ತೆ ಕೋಣೆ ಸೇರಿದವು. ನನ್ನ ಹೊದಿಕೆ ತರಲು ಹೋದರೆ ಬಾಗಿಲು ಭದ್ರ. ತಟ್ಟಿದ ಮೇಲೆ ಒಳಗೆ ಸೇರಿಸಿಕೊಂಡು ಮತ್ತೆ ಚಿಲಕ ಹಾಕಿದಳು. ಮಗು ಮಂಚದ ಮೇಲೆ ಮಲಗಿತ್ತು. ಅಕ್ಕ ತುಟಿಯ ಮೇಲೆ ಬೆರಳಿಟ್ಟು ಡಬ್ಬಿ ತೋರಿಸಿದಳು. ಹೊದಿಕೆ ಎಲ್ಲಿ ಎಂದು ನಾನು ಕೈಸನ್ನೆಯಲ್ಲಿ ಕೇಳಿದೆ, ಗಂಟಿನಲ್ಲಿದೆ ಎಂದು ಅವಳೂ ಕೈಸನ್ನೆ ಮಾಡಿದಳು. ಮುಪ್ಪಿನಲ್ಲಿ ಇಬ್ಬರು ಮೂಗಿಯರ ಆಟ. ಅವಳು ಇಸ್ತ್ರಿಪೆಟ್ಟಿಗೆ ಎತ್ತುವಾಗ ತೂರಾಡಿ ಮೇಜು ಹಿಡಿದುಕೊಂಡಿದ್ದು ಕಾಣಿಸಿತು.

ಆಗಲೇ ಅದು ಕೂಗಿದ್ದು. ನಾಲ್ಕು ಸಲ, ಒಂದು ಬಿಡುವು, ಮತ್ತೆ ನಾಲ್ಕು ಸಲ.

"ನೋಡು, ನೋಡು! ಬಾಯೇ ಬಿಟ್ಟಿಲ್ಲ, ಆಗಲೇ ಚಾಡಿ ಹೇಳ್ತಿದೆ!"

"ಹೊರಗೆ ನಡಿಯೇ ಮೊದಲು."

ಅವಳು ಮೂಗೆತ್ತಿ ಗಾಳಿ ಮೂಸಿದಳು. "ಏನೂ ಇಲ್ಲ. ನಮ್ಮನ್ನ ಹೊರಗೆ ಕಳಿಸಿ ಗಿರಾಕಿಗಳ ಗಂಟು ಹೊಡಿಯೋ ಹೂಟ ಇದು. ಬಾಗಿಲು ತೆರೆದಿಟ್ಟು ನಾನು ಹೋಗಲ್ಲ."

"ಮಗು ನೋಡೇ! ಇಷ್ಟು ಗಲಾಟೆಗೂ ಕಣ್ಣು ಬಿಟ್ಟಿಲ್ಲ."

ಅವಳು ಮಗುವಿನ ಕೆನ್ನೆ ತಟ್ಟಿದಳು. ಕೈ ಎತ್ತಿದಳು, ಅದು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಅವಳ ಮುಖದಲ್ಲಿದ್ದ ಅನುಮಾನವೆಲ್ಲ ಒಮ್ಮೆಲೇ ಇಳಿದುಹೋದದ್ದನ್ನು ನಾನು ಕಂಡೆ. ಮದುವೆ ಮನೆಗೂ ಗಂಟಿಗೆ ಬೀಗ ಹಾಕದೆ ಹೋಗದ ಹೆಂಗಸು ಮಗುವನ್ನೆತ್ತಿ, ಬಾಗಿಲು ಹಾರುಹೊಡೆದು, ಬರಿಗಾಲಲ್ಲಿ ಮಳೆಗೆ ಓಡಿದಳು.

ಎದುರಿನ ಅಂಗಡಿಯ ಸೂರಿನ ಕೆಳಗೆ ಕೂತೆವು. ಅಂಗಡಿಯವನು ಅಗ್ನಿಶಾಮಕದವರಿಗೂ ಆಂಬುಲೆನ್ಸಿಗೂ ಫೋನ್ ಮಾಡಿದ. ಡಬ್ಬಿ ಒಳಗೆ ಅರಚುತ್ತಲೇ ಇತ್ತು. ಬೋಗುಣಿ ಎತ್ತಿಡಲು ನಾನು ಎದ್ದರೆ, "ಯಾರೂ ಒಳಗೆ ಹೋಗ್ಬೇಡಿ, ಅವರು ಬರಲಿ" ಎಂದು ಅಂಗಡಿಯವನು ತೋಳು ಹಿಡಿದು ಕೂರಿಸಿದ. ಮಗು ಮೆಲ್ಲಗೆ ಮುಲುಗಿ, ಅಜ್ಜಿಯ ಮೈಮೇಲೆಲ್ಲ ವಾಂತಿ ಮಾಡಿ, ಬಿಕ್ಕಿ ಬಿಕ್ಕಿ ಅಳತೊಡಗಿತು. ಅಳು ಕೇಳಿ ನಾನು ಅಷ್ಟು ಸಂತೋಷಪಟ್ಟದ್ದು ಮೊದಲ ಸಲ.

ಆಸ್ಪತ್ರೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಮೂಗು ಬಾಯಿ ಮುಚ್ಚುವಂತೆ ಆಮ್ಲಜನಕದ ಮುಖವಾಡ ಕಟ್ಟಿದರು. ಸೊಸೆ ಓಡುತ್ತಾ ಬಂದಳು. ಇಸ್ತ್ರಿ ಅಕ್ಕ ಮುಖವಾಡ ಸರಿಸಿ ಹೇಳಿದ ಮೊದಲ ಮಾತು, "ಟೀನಲ್ಲಿ ಏನೂ ಇರಲಿಲ್ಲ ಕಣೆ."

"ಟೀನಲ್ಲಾ? ಟೀನಲ್ಲಿ ಏನಿರ್ಬೇಕಿತ್ತು?"

ಅಕ್ಕ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಸೊಸೆಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಎದ್ದು ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ. ಅತ್ತೆಯ ಮುಖವಾಡವನ್ನು ಮತ್ತೆ ಸರಿಯಾಗಿ ಕೂರಿಸಿ, ದಾರವನ್ನು ಬೇಕಾದ್ದಕ್ಕಿಂತ ಸ್ವಲ್ಪ ಬಿಗಿಯಾಗಿಯೇ ಎಳೆದಳು. "ಈಗ ಬಾಯಿ ಮುಚ್ಕೊಂಡು ಉಸಿರಾಡಿ."

ಈಗ ಕೆಂಡದ ಬೋಗುಣಿ ಅಂಗಳ ದಾಟಿ ಒಳಗೆ ಬರುವುದಿಲ್ಲ. ಮಳೆ ಬಂದರೆ ಕೆಲಸಕ್ಕೆ ರಜ. ಕಿಟಕಿಯ ಚಿಂದಿ ಹೋಗಿದೆ. ಅನುಮಾನ ಹೋಗಿಲ್ಲ, ಅದು ಹೋದರೆ ಅವಳು ಇಸ್ತ್ರಿ ಅಕ್ಕನೇ ಅಲ್ಲ. ವಾರಕ್ಕೊಮ್ಮೆ ಡಬ್ಬಿಯ ಗುಂಡಿ ಒತ್ತಿ, "ಇದ್ದೀಯೇನೋ? ನಿದ್ದೆ ಹೋಗಿದ್ದೀಯಾ?" ಎಂದು ವಿಚಾರಿಸುತ್ತಾಳೆ.

ಮೊನ್ನೆ ಸೊಸೆ ಟೀ ತಂದಳು. ಲೋಟ ಅಭ್ಯಾಸಬಲದಿಂದ ಮೂಗಿನವರೆಗೆ ಹೋಗಿ ನಿಂತಿತು.

"ಲೋಟಕ್ಕೂ ಒಂದು ಅಲಾರಂ ತರ್ಲಾ ಅತ್ತೆ?"

"ತಾ" ಎಂದು ಇಸ್ತ್ರಿ ಅಕ್ಕ ಸೊರ್ರೆಂದು ಹೀರಿದಳು. "ಹಾಗೇ ಅದನ್ನೇ ಕೇಳು, ಇವತ್ತು ಸಕ್ಕರೆ ಯಾಕೆ ಕಮ್ಮಿ ಅಂತ."